ವಾಡಾದ ಕೊಟ್ಟಿಗೆಯಿಂದ ಸೇವಾಗ್ರಾಮದ ಶಾಲೆಗೆ

ಉಮರೇಡ್ ಎಂದರೆ ನಾಗಪುರದ ಕಡೆಯವರಿಗೆ ಮೊದಲು ನೆನಪಾಗುವುದು ಕಲ್ಲಿದ್ದಲು, ಆಮೇಲೆ ಹುಲಿ. ಊರಿಗೆ ಅಂಟಿಕೊಂಡಂತೆ ವೆಸ್ಟರ್ನ್ ಕೋಲ್‌ಫೀಲ್ಡ್ಸ್‌ನವರ ತೆರೆದ ಗಣಿ. ಸ್ವಲ್ಪ ಆಚೆ ಹೋದರೆ ಉಮರೇಡ್–ಪವನಿ–ಕರ್ಹಾಂಡ್ಲಾ ಅಭಯಾರಣ್ಯ. ನಾಗಪುರದಿಂದ ಆಗ್ನೇಯಕ್ಕೆ ಸುಮಾರು 45 ಕಿಲೋಮೀಟರ್. 1908ರಲ್ಲಿ ಬಂಗಾಳ ನಾಗಪುರ ರೈಲ್ವೆಯವರು ಹಾಕಿದ ಪುಟ್ಟ ಹಳಿಯ ಮೇಲೆ ನಾಗಪುರದಿಂದ ಉಮರೇಡ್, ಭಿವಾಪುರ ದಾಟಿ ನಾಗಭೀಡದವರೆಗೆ ನೂರು ವರ್ಷಕ್ಕೂ ಮೀರಿ ರೈಲು ಓಡಿತು. ಹಳಿ ಅಗಲ ಮಾಡುವುದಕ್ಕೆಂದು 2019ರಲ್ಲಿ ಅದನ್ನು ನಿಲ್ಲಿಸಿದರು. ಹಾಗಾಗಿ ಸಂಘಮಿತ್ರ ಎಕ್ಸ್‌ಪ್ರೆಸ್ಸಿನಿಂದ ನಾಗಪುರದಲ್ಲಿಳಿದು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಕಪ್ಪು ಎರೆಮಣ್ಣು, ಸೋಯಾ, ಹತ್ತಿ, ನಡುನಡುವೆ ಇಟ್ಟಿಗೆಗೂಡು. ಗಣಿಯಲ್ಲಿ ಕೆಲಸ ಮಾಡುವ ಭಾವನ ಮನೆಗೆ ಅಕ್ಕ ಬಹಳ ದಿನದಿಂದ ಕರೆಯುತ್ತಿದ್ದಳು.

ಹೋಗಲು ಇನ್ನೊಂದು ಕಾರಣವೂ ಇತ್ತು. ಸಾಗರದ ಕಡೆಯ ನಮ್ಮ ಹಳ್ಳಿಯಲ್ಲಿ ಮನೆಯ ಕೊಟ್ಟಿಗೆ ಖಾಲಿಯಾಗಿ ವರ್ಷಗಳಾದವು. ಹಲಸಿನ ಕಂಬ, ನಂದಿಯ ತೊಲೆ, ಮೇಲೆ ಅಟ್ಟ. ಊರಿನ ಶಾಲೆಯ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವವರೆಗೆ ಮಕ್ಕಳನ್ನು ಕೂರಿಸಲು ಜಾಗ ಬೇಕೆಂದು ಎಸ್‌ಡಿಎಂಸಿಯವರು ಅಣ್ಣನನ್ನು ಕೇಳಿದ್ದರು. ಅದೇ ಹೊತ್ತಿಗೆ ಹಳೇ ಮರ ಕೊಳ್ಳುವ ದಲ್ಲಾಳಿಯೂ ಬಂದು ಕಂಬಗಳಿಗೆ ಬೆಲೆ ಹೇಳಿ ಹೋಗಿದ್ದ. ನಮ್ಮ ಕಡೆ ಹಳೆಯ ಮನೆಗಳ ಕಂಬ, ಬಾಗಿಲು, ಬೋದಿಗೆಗಳೆಲ್ಲ ಹೀಗೆಯೇ ಲಾರಿ ಹತ್ತಿ ರೆಸಾರ್ಟುಗಳ ಹಜಾರ ಸೇರುತ್ತಿವೆ. ಅಣ್ಣನಿಗೆ ಏನು ಹೇಳಬೇಕೆಂದು ನಾನು ಇನ್ನೂ ತೀರ್ಮಾನಿಸಿರಲಿಲ್ಲ.

"ಗಣಿ ನೋಡ್ತೀಯೋ, ಹುಲಿ ನೋಡ್ತೀಯೋ ಹೇಳು" ಎಂದರು ಭಾವ.

"ಹಳೇ ಮನೆ ನೋಡ್ಬೇಕು ಭಾವ. ಮರದ್ದು."

ಅವರು ಒಂದು ಗಳಿಗೆ ನನ್ನ ಮುಖ ನೋಡಿ, "ಹಾಗಿದ್ರೆ ಪೇಟೆ ಕಡೆ ಹೋಗೋಣ, ಅಲ್ಲಿ ವಾಡಾ ಇದಾವೆ" ಎಂದರು.

ಹಳೆಯ ಉಮರೇಡ್ ನೇಕಾರರ ಊರು. ರೇಷ್ಮೆ ಅಂಚಿನ ಹತ್ತಿ ಬಟ್ಟೆಗೆ ಅದು ಒಂದು ಕಾಲಕ್ಕೆ ಹೆಸರಾಗಿತ್ತು. ಕೋಷ್ಟಿಗಳ ಓಣಿಗಳು ಈಗಲೂ ಕಿರಿದಾಗಿಯೇ ಇವೆ. ಆ ಓಣಿಗಳ ತುದಿಯಲ್ಲಿ, ಸಿಮೆಂಟು ಮನೆಗಳ ನಡುವೆ ಸಿಕ್ಕಿಕೊಂಡು ನಿಂತ ವಾಡಾ ಒಂದಕ್ಕೆ ಭಾವ ಕರೆದುಕೊಂಡು ಹೋದರು. ಬೀದಿಗೆ ಎತ್ತರದ ಬಾಗಿಲು. ಒಳಗೆ ಹೊಕ್ಕರೆ ಅಂಗಳ, ಅಂಗಳದ ಮೂರು ಮಗ್ಗುಲಿಗೆ ಅವರು ಓಸರಿ ಎನ್ನುವ ಪಡಸಾಲೆ, ನಾಲ್ಕನೆಯ ಮಗ್ಗುಲಿಗೆ ದನದ ಗೋಠಾ. ಯಜಮಾನರು ಎಂಬತ್ತರ ಆಸುಪಾಸಿನವರು. ನಾನು 'ಕಾಕಾ' ಎಂದೆ, ಅವರು 'ಭಾಊ' ಎಂದರು. ಮರಾಠಿ-ಹಿಂದಿ ಬೆರೆಸಿ ಮಾತು ಸಾಗಿತು.

ಗೋಠಾದಲ್ಲಿ ದನಗಳಿರಲಿಲ್ಲ. ನೆಲಕ್ಕೆ ಷಹಾಬಾದ್ ಕಲ್ಲು ಹಾಸಿ, ಗೋಡೆಗೆ ಕರಿಹಲಗೆ ನೇತುಹಾಕಿ, ಸಂಜೆ ಓಣಿಯ ಮಕ್ಕಳಿಗೆ ಅವರ ಸೊಸೆ ಪಾಠ ಹೇಳುತ್ತಾರೆ. ಹತ್ತಿಪ್ಪತ್ತು ಚಪ್ಪಲಿಗಳು ಅಂಗಳದಲ್ಲಿ ಚೆಲ್ಲಿದ್ದವು. ಒಳಗೆ ಒಂದು ಹುಡುಗಿ ಕಂಬಕ್ಕೆ ಬೆನ್ನು ಕೊಟ್ಟು ಮಗ್ಗಿ ಹೇಳುತ್ತಿತ್ತು.

ಆ ಕಂಬವನ್ನು ಬಹಳ ಹೊತ್ತು ನೋಡಿದೆ. ತೇಗದ್ದು. ಕೆಳಗೆ ಚೌಕದ ಕಲ್ಲು, ನೆಲದಿಂದ ಗೇಣುದ್ದ ಎತ್ತರ. ಮರ ಎಲ್ಲೂ ಮಣ್ಣಿಗೆ ತಾಕುವುದಿಲ್ಲ. ಮೊಣಕಾಲಿನ ಮಟ್ಟದಲ್ಲಿ ಕಂಬದ ಸುತ್ತ ಬೆರಳು ಹುದುಗುವಷ್ಟು ಆಳದ ಸವೆತ, ನುಣ್ಣಗೆ ಹೊಳೆಯುತ್ತಿತ್ತು. ತಲೆಮಾರುಗಟ್ಟಲೆ ದನ ಕಟ್ಟಿದ ಹಗ್ಗ ಉಜ್ಜಿ ಉಜ್ಜಿ ಆದದ್ದು. ಮೇಲಕ್ಕೆ ಕಂಬದ ನೆತ್ತಿಯಲ್ಲಿ ಬಿಟ್ಟ ಮೂಗು ಬೋದಿಗೆಯ ತೂತಿನೊಳಗೆ ಕೂತಿತ್ತು. ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಒಣಹುಲ್ಲು ತುಂಬಿಡುತ್ತಿದ್ದ ಅಟ್ಟ. ಒಂದೇ ಒಂದು ಕಬ್ಬಿಣದ ಮೊಳೆ ಕಾಣಲಿಲ್ಲ. ಕೂಡುವ ಜಾಗದಲ್ಲೆಲ್ಲ ಅಡ್ಡಲಾಗಿ ಬಡಿದ ಮರದ ಗೂಟ. "ಚಾಂದಾ ಕಡೆಯ ಸಾಗವಾನಿ" ಎಂದರು ಕಾಕಾ, ಕಂಬಕ್ಕೆ ಅಂಗೈ ಬಡಿದು. ಚಾಂದಾ ಎಂದರೆ ಇಂದಿನ ಚಂದ್ರಪುರ. ಆ ಸೀಮೆಯ ತೇಗಕ್ಕೆ ಇಂದಿಗೂ ಗೌರವ ಕಡಿಮೆಯಾಗಿಲ್ಲ; ದೆಹಲಿಯ ಹೊಸ ಸಂಸತ್ ಭವನದ ಮರಗೆಲಸಕ್ಕೆ ಹೋದದ್ದು ನಾಗಪುರದ ತೇಗವೇ.

"ಗೋಠಾವನ್ನು ಪಾಠಕ್ಕೆ ಸರಿ ಮಾಡೋದಕ್ಕೆ ಏನೇನು ಕೆಡವಿದಿರಿ ಕಾಕಾ?"

"ಗೋದಲಿ ತೆಗೆದೆ, ಎರಡು ಅಡ್ಡಗೋಡೆ ತೆಗೆದೆ. ಕಂಬ ಮುಟ್ಟಲಿಲ್ಲ. ಮುಟ್ಟೋದಕ್ಕೆ ಕಂಬ ಎಲ್ಲಿ ಅಡ್ಡ ಬಂತು?"

ಆ ಮಾತಿನಲ್ಲಿ ಇಡೀ ಕಟ್ಟಡಶಾಸ್ತ್ರವೇ ಇದೆ. ಇಟ್ಟಿಗೆ ಕಟ್ಟಡದಲ್ಲಿ ಭಾರ ಹೊರುವುದು ಗೋಡೆ. ಒಂದು ಗೋಡೆ ತೆಗೆಯಬೇಕೆಂದರೆ ಇಂಜಿನಿಯರನ್ನು ಕರೆಯಬೇಕು, ತೊಲೆ ಕೊಡಬೇಕು, ಭಯಪಡಬೇಕು. ಮರದ ಚೌಕಟ್ಟಿನ ಮನೆಯಲ್ಲಿ ಹೊರೆ ಹೊರುವುದು ಕಂಬ, ತೊಲೆ. ಗೋಡೆ ಮಳೆ ಗಾಳಿಗೆ, ಕಣ್ಣಿಗೆ ಮರೆ ಅಷ್ಟೇ. ಹಾಗಾಗಿ ಎರಡು ಅಂಕಣದ ನಡುವಿನ ಮಣ್ಣುಗೋಡೆ ಕಿತ್ತರೆ ಮನೆ ಅಲುಗುವುದಿಲ್ಲ, ಒಂದು ತರಗತಿಗೆ ಸಾಕಾಗುವ ಜಾಗ ಬಿಡುಗಡೆಯಾಗುತ್ತದೆ. ನಮ್ಮಲ್ಲಿ ಮನೆಯ ಅಳತೆಯನ್ನು ಅಂಕಣದಲ್ಲಿ ಹೇಳುವಂತೆ ಅಲ್ಲಿಯವರು ಖಣದಲ್ಲಿ ಹೇಳುತ್ತಾರೆ. ಕಂಬದಿಂದ ಕಂಬಕ್ಕೆ ಒಂದು ಖಣ. ಕೃಷಿಕನ ಮನೆ ಯಾವತ್ತೂ ಹಿಗ್ಗುತ್ತ ಕುಗ್ಗುತ್ತ ಬಂದದ್ದು. ಸುಗ್ಗಿಯಲ್ಲಿ ಪಡಸಾಲೆ ಕಣಜವಾಗುತ್ತಿತ್ತು, ಮದುವೆಯಲ್ಲಿ ಕೊಟ್ಟಿಗೆಯ ಅಟ್ಟ ನೆಂಟರ ಬಿಡಾರವಾಗುತ್ತಿತ್ತು. ಈ ಮನೆಗಳಿಗೆ ಮಕ್ಕಳು ಬರುವುದು ಹೊಸ ಸಂಗತಿಯೂ ಅಲ್ಲ. ಸರ್ಕಾರಿ ಶಾಲೆ ಬರುವ ಮೊದಲು ಐಗಳ ಮಠ ಕೂಡುತ್ತಿದ್ದುದು ಊರ ಗೌಡರ, ಶಾನುಭೋಗರ ಜಗಲಿಯ ಮೇಲೆಯೇ, ಮರಳು ಹರಡಿ.

ಈ ಚೌಕಟ್ಟಿನ ಗುಣ ಬೇರೊಂದು ಕಡೆ ಬಹಳ ದುಃಖದ ರೀತಿಯಲ್ಲಿ ಗೊತ್ತಾಗಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಬೀದರ್ ಗಡಿಗೆ ಹತ್ತಿರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿದಾಗ ಸಾವಿರಾರು ಜನ ಮಲಗಿದಲ್ಲೇ ಸತ್ತರು. ಕೊಂದದ್ದು ಮಣ್ಣಿನ ಗಿಲಾವಿನಲ್ಲಿ ಪೇರಿಸಿದ ಎರಡೆರಡು ಅಡಿ ದಪ್ಪದ ಕಲ್ಲುಗೋಡೆ, ಅದರ ಮೇಲಿನ ಮಣ್ಣುಮಾಳಿಗೆಯ ಭಾರ. ಎಷ್ಟೋ ಕಡೆ ಗೋಡೆಗಳೆಲ್ಲ ಕುಸಿದು ಗುಡ್ಡೆಯಾಗಿ, ಒಳಗಿನ ಮರದ ಕಂಬ-ತೊಲೆಗಳ ಚೌಕಟ್ಟು ಮಾತ್ರ ನಿಂತೇ ಇತ್ತು. ಹಳೆಯದೆಲ್ಲ ಅಪಾಯ ಎಂದು ಜನ ಆಗ ಭಾವಿಸಿದ್ದರಲ್ಲಿ ತಪ್ಪೇನಿಲ್ಲ, ಮನೆಮಂದಿಯನ್ನು ಕಳೆದುಕೊಂಡವರು ಅವರು. ಆದರೂ ಯಾವುದು ಬಿತ್ತು, ಯಾವುದು ನಿಂತಿತು ಎಂದು ಬೇರೆ ಮಾಡಿ ನೋಡುವ ಕೆಲಸ ನಮ್ಮ ಶಾಲಾ ಕಟ್ಟಡಗಳ ವಿಷಯದಲ್ಲಿ ಇನ್ನೂ ಆಗಬೇಕಾಗಿದೆ.

ಕಾಕಾ ಚಹಾ ತರಿಸಿದರು. ಈ ಸೀಮೆಯ ದೊಡ್ಡ ವಾಡಾಗಳು ಬಹುಪಾಲು ಮಾಲ್ಗುಜಾರರವು. ಬ್ರಿಟಿಷರ ಮಧ್ಯಪ್ರಾಂತ್ಯದಲ್ಲಿ ಹಳ್ಳಿಯ ಕಂದಾಯ ಎತ್ತಿ ಕೊಡುವ ಹೊಣೆ ಹೊತ್ತು, ಹಳ್ಳಿಯ ಒಡೆತನವನ್ನೂ ಪಡೆದವರು ಅವರು. 1950ರ ಕಾಯ್ದೆಯ ಪ್ರಕಾರ ಮರುವರ್ಷ ಆ ಪದ್ಧತಿ ಹೋಯಿತು. ಭೂಮಿ ಹಂಚಿಹೋದ ಮೇಲೆ ಕಣಜ ತುಂಬುವ ಧಾನ್ಯ ಬರಲಿಲ್ಲ, ಗೋಠಾ ತುಂಬುವ ಎತ್ತುಗಳು ಉಳಿಯಲಿಲ್ಲ. ಆ ಪದ್ಧತಿ ಹೋದದ್ದು ಒಳ್ಳೆಯದೇ ಆಯಿತು. ಯಾರ ಬೆವರಿನಿಂದ ಆ ತೊಲೆಗಳು ಮೇಲೇರಿದವೋ ಅವರ ಮೊಮ್ಮಕ್ಕಳು ಈಗ ಅದೇ ತೊಲೆಗಳ ಕೆಳಗೆ ಪುಸ್ತಕ ಬಿಚ್ಚಿ ಕೂರುವುದಾದರೆ, ಮನೆಗೆ ಅದಕ್ಕಿಂತ ಘನವಾದ ಉಪಯೋಗ ನನಗೆ ಕಾಣುವುದಿಲ್ಲ.

ಹೊಲಕ್ಕೂ ಶಾಲೆಗೂ ಗಂಟು ಹಾಕುವ ಯೋಚನೆ ಇದೇ ಪ್ರಾಂತ್ಯದಲ್ಲಿ ಒಮ್ಮೆ ಸರ್ಕಾರಿ ಯೋಜನೆಯಾಗಿಯೇ ಬಂದಿತ್ತು. 1937ರಲ್ಲಿ ಮಧ್ಯಪ್ರಾಂತ್ಯ ಮತ್ತು ಬೇರಾರಿನಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದಾಗ ಶಿಕ್ಷಣಮಂತ್ರಿಯಾದ ರವಿಶಂಕರ ಶುಕ್ಲರು 'ವಿದ್ಯಾಮಂದಿರ' ಯೋಜನೆಯನ್ನು ಮುಂದಿಟ್ಟರು. ಶಾಲೆಯಿಲ್ಲದ ಹಳ್ಳಿಯಲ್ಲಿ ಉಳ್ಳವರು ಒಂದಿಷ್ಟು ಜಮೀನು ದಾನ ಕೊಡುವುದು, ಆ ಜಮೀನಿನ ಫಸಲಿನಿಂದ ಮೇಷ್ಟರ ಸಂಬಳ ಹುಟ್ಟುವುದು. ಶಾಲೆಗೆ ಹೊಲವೇ ಬಂಡವಾಳ. ಮಂದಿರ ಎಂಬ ಹೆಸರಿಗೆ ಮುಸ್ಲಿಮರಿಂದ ವಿರೋಧ ಬಂತು, 1939ರಲ್ಲಿ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು, ಯೋಜನೆ ಸೊರಗಿತು. ಮಳೆ ಕೈಕೊಟ್ಟ ವರ್ಷ ಮೇಷ್ಟರ ಒಲೆ ಹೇಗೆ ಉರಿಯಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಗಟ್ಟಿ ಉತ್ತರವಿತ್ತು ಎಂದು ನನಗೆ ಅನಿಸುವುದಿಲ್ಲ. ಶಿಕ್ಷಕನ ಸಂಬಳ ಆಕಾಶವನ್ನು ನೆಚ್ಚಬಾರದು. ಆದರೆ ಶಾಲೆಯ ಪಕ್ಕದಲ್ಲಿ ಶಾಲೆಯದ್ದೇ ಹೊಲ ಇರಬೇಕೆಂಬ ಕಲ್ಪನೆ ಅಲ್ಲಿಗೇ ಸಾಯಲಿಲ್ಲ. ಅದನ್ನು ನೋಡಲೆಂದೇ ಮರುದಿನ ಬುಟಿಬೋರಿಯ ಮೇಲೆ ಹಾದು ವಾರ್ಧಾಕ್ಕೆ ಹೊರಟೆ.

ಕಾರ್ಖಾನೆಗಳ ಬುಟಿಬೋರಿ ದಾಟಿದ ಮೇಲೆ ಮತ್ತೆ ಎರೆಹೊಲ. ವಾರ್ಧಾದಲ್ಲಿ ಮೊದಲು ಮಗನವಾಡಿ. ಇದು ಉದ್ಯಮಿ ಜಮನಾಲಾಲ್ ಬಜಾಜರ ಕಿತ್ತಳೆ ತೋಟ, ತೋಟದ ಮನೆ. 1934ರ ಕೊನೆಯಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಹುಟ್ಟಿದಾಗ ಅವರು ಅದನ್ನು ಸಂಘಕ್ಕೆ ಬಿಟ್ಟುಕೊಟ್ಟರು. ತೀರಿಹೋಗಿದ್ದ, ಗಾಂಧೀಜಿಯ ಬಂಧು ಮಗನಲಾಲ್ ಗಾಂಧಿಯವರ ಹೆಸರು ಅದಕ್ಕೆ ಬಂತು. ಲೆಕ್ಕಪರಿಶೋಧಕರಾಗಿದ್ದ ಜೆ.ಸಿ. ಕುಮಾರಪ್ಪ ಇಲ್ಲಿ ಗಾಣ, ಕೈಕಾಗದ, ಜೇನು, ಬೀಸುಕಲ್ಲುಗಳ ಜೊತೆ ಗ್ರಾಮಸೇವಕರ ಶಾಲೆ ನಡೆಸಿದರು. 1938ರ ಡಿಸೆಂಬರ್ 30ರಂದು ಗಾಂಧೀಜಿ ಉದ್ಘಾಟಿಸಿದ ಮಗನ ಸಂಗ್ರಹಾಲಯ ಇವತ್ತಿಗೂ ಇದೆ. ಶ್ರೀಮಂತರೊಬ್ಬರ ತೋಟದ ಮನೆ ಎಣ್ಣೆ ತೆಗೆಯುವುದನ್ನು, ಕಾಗದ ಮಾಡುವುದನ್ನು ಕಲಿಸುವ ಶಾಲೆಯಾದದ್ದಕ್ಕೆ ಕಟ್ಟಡದಲ್ಲಿ ದೊಡ್ಡ ಬದಲಾವಣೆಯೇನೂ ಬೇಕಾಗಲಿಲ್ಲ. ತೋಟದಲ್ಲಿ ಕೆಲಸ ಮಾಡುವವರು ಯಾರು ಎಂಬುದು ಬದಲಾಯಿತು.

ವಾರ್ಧಾದಿಂದ ಸೇವಾಗ್ರಾಮ ಎಂಟು ಕಿಲೋಮೀಟರ್. ಆಗ ಅದರ ಹೆಸರು ಸೇಗಾಂವ್, 1940ರಲ್ಲಿ ಸೇವಾಗ್ರಾಮವಾಯಿತು. 1936ರ ಏಪ್ರಿಲ್ 30ರಂದು ಗಾಂಧೀಜಿ ಇಲ್ಲಿಗೆ ಬಂದರು. ಅವರಿಗಿಂತ ಮುಂಚೆಯೇ ಬಂದು ಹಳ್ಳಿಯಲ್ಲಿ ನೆಲೆ ನಿಂತವರು ಮೀರಾಬೆನ್, ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಎಡ್ಮಂಡ್ ಸ್ಲೇಡರ ಮಗಳು ಮ್ಯಾಡೆಲೀನ್. ಗುಡಿಸಲು ಕಟ್ಟುವ ಮೊದಲೇ ಗಾಂಧೀಜಿ ಜಮನಾಲಾಲರಿಗೆ ಬರೆದಿದ್ದರು: ಖರ್ಚು ಆದಷ್ಟು ಕಡಿಮೆ ಇರಲಿ, ಯಾವ ಕಾರಣಕ್ಕೂ ನೂರು ರೂಪಾಯಿ ದಾಟಬಾರದು. ಸುತ್ತಲಲ್ಲಿ ಸಿಗುವ ಮಣ್ಣು, ಮರ, ಬಿದಿರು, ನಾಡಹೆಂಚುಗಳಿಂದಲೇ ಎಲ್ಲ ಆಗಬೇಕು. ಮನೆಯ ಸಾಮಗ್ರಿಯೆಲ್ಲ ಐದು ಮೈಲಿಯ ಆಸುಪಾಸಿನಲ್ಲೇ ಸಿಗುವಂತಿರಬೇಕು ಎಂಬ ಅವರ ಮಾತನ್ನು ವಾಸ್ತುಶಿಲ್ಪಿ ಲಾರಿ ಬೇಕರ್ ಜೀವನಪೂರ್ತಿ ನೆನೆಯುತ್ತ ಕೇರಳದಲ್ಲಿ ಮನೆ ಕಟ್ಟಿದರು.

ಈಗ ಎಲ್ಲರೂ ಕೈಮುಗಿದು ನೋಡುವ ಬಾಪು ಕುಟಿ ಗಾಂಧೀಜಿಗಾಗಿ ಕಟ್ಟಿದ್ದಲ್ಲ. ಮೀರಾಬೆನ್ ತಮಗಾಗಿ ಕಟ್ಟಿಕೊಂಡದ್ದು. ಅಲ್ಲೇ ಹಳ್ಳಿಯವರಿಗೆ ಹತ್ತಿ ಹಿಂಜುವುದನ್ನು, ನೂಲುವುದನ್ನು ಕಲಿಸುತ್ತಿದ್ದರು. ಮೊದಲಿನ ಆದಿ ನಿವಾಸದಲ್ಲಿ ಜನ ಜಾಸ್ತಿಯಾಗಿ ಕಾಲಿಡಲು ಜಾಗ ಇಲ್ಲದಾದಾಗ ಗಾಂಧೀಜಿ ಇಲ್ಲಿಗೆ ಬಂದರು. ಕುಟಿಯನ್ನು ಬೇಕಾದಷ್ಟು ಹಿಗ್ಗಿಸಿಕೊಂಡರು. ಹಾಗೆ ಹಿಗ್ಗಿಸಲು ಸಾಧ್ಯವಾದದ್ದು ಉಮರೇಡಿನ ಗೋಠಾದಂಥದ್ದೇ ಕಾರಣಕ್ಕೆ: ಮರದ ಕಂಬ, ಬಿದಿರ ತಟ್ಟಿಗೆ ಮಣ್ಣು ಮೆತ್ತಿದ ಗೋಡೆ, ಮೇಲೆ ಮರದ ಪಕಾಸು, ಹೆಂಚು. ಬೇಕೆಂದಲ್ಲಿ ಇನ್ನೊಂದು ಅಂಕಣ ಎಳೆಯಬಹುದು.

ಒಳಗೆ ತಂಪು. ಸೆಗಣಿ ಸಾರಿಸಿದ ನೆಲ, ಕೈಗೆ ಸಿಗುವಷ್ಟು ತಗ್ಗಿದ ಮಾಡು. ಗೋಡೆಯ ಮೇಲೆ ಮೀರಾಬೆನ್ ಹಸಿ ಮಣ್ಣಿನಲ್ಲೇ ಎಬ್ಬಿಸಿದ ಈಚಲು ಮರ, ಚರಕ, ಓಂ. ಬೆರಳಿನ ಒತ್ತು ಗೊತ್ತಾಗುತ್ತದೆ. ವಿದರ್ಭದ ಬೇಸಿಗೆಯಲ್ಲಿ ಹೊರಗೆ 45 ಡಿಗ್ರಿ ಸುಡುವಾಗಲೂ ಗಾಂಧೀಜಿ ಈ ಮಣ್ಣುಗೋಡೆಯ ಒಳಗೆ ಕೂತು ದಿನವಿಡೀ ಬರೆಯುತ್ತಿದ್ದರಲ್ಲ ಎಂದು ಯೋಚಿಸಿದೆ. ಆ ಕಾಲದಲ್ಲಿ ಅಲ್ಲಿ ಫ್ಯಾನೂ ಇರಲಿಲ್ಲ. ಒಂದು ಮೂಲೆಯಲ್ಲಿ ಹಾವು ಹಿಡಿದು ದೂರ ಬಿಟ್ಟುಬರಲು ಬಳಸುತ್ತಿದ್ದ ಮರದ ಇಕ್ಕಳ, ಪಂಜರ. ವೈಸರಾಯ್ ಲಿನ್‌ಲಿತ್‌ಗೋ ಹಾಕಿಸಿಕೊಟ್ಟ ದೂರವಾಣಿ. 1978ರ ಜನವರಿಯಲ್ಲಿ ಇವಾನ್ ಇಲಿಚ್ ಇಲ್ಲಿ ಕೂತು ಹೋದ ಮೇಲೆ ಇದೇ ಸೇವಾಗ್ರಾಮದಲ್ಲಿ ಈ ಗುಡಿಸಲ ಬಗ್ಗೆಯೇ ಒಂದು ಭಾಷಣ ಮಾಡಿದರು. ಶಾಲೆಗಳನ್ನೇ ಒಪ್ಪದಿದ್ದ ಮನುಷ್ಯನಿಗೆ ಕಲಿಸುವ ಮನೆಯಾಗಿ ಈ ಕುಟಿ ಕಂಡದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಆಶ್ರಮದ ಆಚೆ ಬದಿಗೆ ನಯೀ ತಾಲೀಮಿನ, ಅಂದರೆ ಗಾಂಧೀಜಿಯ ಮೂಲಶಿಕ್ಷಣದ, ಆವರಣ. 1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ನಡೆಯಿತು. ಜಾಕಿರ್ ಹುಸೇನರ ಸಮಿತಿ ಏಳು ವರ್ಷಗಳ ಉಚಿತ ಕಡ್ಡಾಯ ಶಿಕ್ಷಣ, ತಾಯ್ನುಡಿಯಲ್ಲಿ ಪಾಠ, ಒಂದು ಕೈಕಸುಬಿನ ಸುತ್ತ ಎಲ್ಲ ವಿಷಯ ಎಂದು ಪಠ್ಯಕ್ರಮ ಬರೆಯಿತು. 1938ರಲ್ಲಿ ಹಿಂದುಸ್ತಾನಿ ತಾಲೀಮಿ ಸಂಘ ಹುಟ್ಟಿತು. ಸಿಂಹಳದ ತಮಿಳರಾದ ಇ. ಡಬ್ಲ್ಯೂ. ಆರ್ಯನಾಯಕಂ, ಅವರ ಬಂಗಾಳಿ ಪತ್ನಿ ಆಶಾದೇವಿ ಇಬ್ಬರೂ ಶಾಂತಿನಿಕೇತನದಿಂದ ಬಂದು ಇಲ್ಲಿ ಶಾಲೆ ಕಟ್ಟಿದರು. ಮಕ್ಕಳು ಗುಡಿಸುವುದು, ಅಡಿಗೆ ಮಾಡುವುದು, ಬಿತ್ತುವುದು, ನೂಲುವುದು, ಲೆಕ್ಕ ಇಡುವುದು; ಆ ಲೆಕ್ಕದಿಂದಲೇ ಗಣಿತ, ಆ ಗೊಬ್ಬರದಿಂದಲೇ ವಿಜ್ಞಾನ.

ಆ ಪಠ್ಯಕ್ರಮವನ್ನು ಕಣ್ಣುಮುಚ್ಚಿ ಹೊಗಳಲು ನನಗೆ ಮನಸ್ಸಿಲ್ಲ. ಐದೂವರೆ ಗಂಟೆಯ ಶಾಲಾದಿನದಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷ ಕಸುಬಿಗೇ ಮೀಸಲು ಎಂದಿತ್ತು. ಏಳೆಂಟು ವರ್ಷದ ಮಗುವಿಗೆ ಅದು ಹೆಚ್ಚೇ. ಮಕ್ಕಳ ನೂಲಿನಿಂದ ಶಾಲೆಯ ಖರ್ಚು ಹುಟ್ಟಬೇಕೆಂಬ ಆಸೆ ಆಗಲೇ ಅನೇಕರಿಗೆ ಕಸಿವಿಸಿಯಾಗಿತ್ತು. ದೇಶದ ತುಂಬ, ನಮ್ಮ ಕನ್ನಡ ನಾಡಿನಲ್ಲೂ, ಮೂಲಶಿಕ್ಷಣದ ಶಾಲೆಗಳು ತೆರೆದವು. ತಕಲಿ ತಿರುಗಿಸುವ ಪೀರಿಯಡ್ಡಿಗೆ ಇಳಿದು, ಕೊನೆಗೆ ಅದೂ ನಿಂತಿತು. ನಮ್ಮ ತಂದೆಯ ಪೆಟ್ಟಿಗೆಯಲ್ಲಿ ಒಂದು ತಕಲಿ ಇತ್ತು, ಶಾಲೆಯಲ್ಲಿ ಅದಕ್ಕೂ ಅಂಕ ಇತ್ತಂತೆ. ಸೇವಾಗ್ರಾಮದ ಶಾಲೆಯೂ ಕೆಲವು ದಶಕ ಮುಚ್ಚಿತ್ತು.

2005ರಲ್ಲಿ ನಯೀ ತಾಲೀಮ್ ಸಮಿತಿ ಆ ಹಳೆಯ ಆವರಣದಲ್ಲೇ 'ಆನಂದ ನಿಕೇತನ' ಎಂಬ ಮರಾಠಿ ಮಾಧ್ಯಮದ ಶಾಲೆ ತೆರೆಯಿತು. ಪರೀಕ್ಷೆಯ ಪಠ್ಯವನ್ನೂ ಓದುತ್ತಾರೆ, ಹೊಲದಲ್ಲೂ ಕೆಲಸ ಮಾಡುತ್ತಾರೆ. ಅಡಿಗೆ, ಹೊಲಿಗೆ, ನೂಲು ಎಲ್ಲ ಇದೆ. ಗಂಡುಮಕ್ಕಳೂ ರೊಟ್ಟಿ ತಟ್ಟುತ್ತಾರೆ. ತಗ್ಗು ಮಾಡಿನ ಹೆಂಚಿನ ಮನೆಗಳು, ಮರದ ನೆರಳು, ಪಕ್ಕದಲ್ಲಿ ತರಕಾರಿಯ ಪಾತಿ. ಬೇಲಿಯ ಈಚೆ ನಿಂತು ನೋಡಿದರೆ ಯಾರೋ ಒಕ್ಕಲಿಗರ ಮನೆ, ಹಿತ್ತಿಲು ಅನ್ನಬೇಕು. ಮಕ್ಕಳ ಗದ್ದಲದಿಂದ ಮಾತ್ರ ಶಾಲೆಯೆಂದು ಗೊತ್ತಾಗುತ್ತದೆ.

ಅಲ್ಲಿ ನನಗೆ ಹೊಳೆದದ್ದು ಇಷ್ಟು. ಮಣ್ಣು-ಮರದ ಮನೆ ಪ್ರತಿವರ್ಷ ಕೈ ಕೇಳುತ್ತದೆ. ಮಳೆಗೆ ಮೊದಲು ಹೆಂಚು ಕೈಯಾಡಿಸಬೇಕು, ಗೋಡೆಯ ಬುಡಕ್ಕೆ ಮಣ್ಣು ಕೊಡಬೇಕು, ಗೆದ್ದಲು ಹತ್ತಿದ ರೀಪು ಬದಲಿಸಬೇಕು, ನೆಲ ಸಾರಿಸಬೇಕು. ಹೀಗೆ ಕೈ ಹಾಕುವವರು ಇಲ್ಲವಾದ ವರ್ಷವೇ ಮನೆ ಬೀಳಲು ಶುರು. ಸಂರಕ್ಷಿತ ಕಟ್ಟಡ ಎಂದು ಬೀಗ ಹಾಕಿದರೆ ಉಳಿಯುವ ಜಾತಿಯದಲ್ಲ ಅದು. ಒಕ್ಕಲುತನದ ಮನೆಯನ್ನು ಶಾಲೆ ಮಾಡಿ, ಆ ಮನೆಯ ಕೆಲಸವನ್ನು ಮಾತ್ರ ಗುತ್ತಿಗೆದಾರನಿಗೆ ಕೊಟ್ಟರೆ ಉಳಿಯುವುದು ಚಂದದ ಕಂಬಗಳ ಒಂದು ಹಾಲ್ ಅಷ್ಟೇ. ಕಟ್ಟಡದ ದುರಸ್ತಿ ಪಾಠದ ಭಾಗವಾದಲ್ಲಿ ಮಾತ್ರ ಶಾಲೆ ಮನೆಯನ್ನು ಉಳಿಸುತ್ತದೆ. ಮಗುವನ್ನು ಮಾಡು ಹತ್ತಿಸಬೇಕೆಂದು ನಾನು ಹೇಳುತ್ತಿಲ್ಲ. ಹೆಂಚು ಎಣಿಸಬಹುದು, ಒಡೆದದ್ದು ಬೇರ್ಪಡಿಸಬಹುದು, ಒಂದು ಚದರಕ್ಕೆ ಎಷ್ಟು ಬೇಕು ಎಂದು ಲೆಕ್ಕ ಹಾಕಬಹುದು, ಮಣ್ಣಿಗೆ ಎಷ್ಟು ಮರಳು ಎಷ್ಟು ಹುಲ್ಲು ಎಂದು ತುಳಿದು ನೋಡಬಹುದು. ಬಡಗಿಯೊಬ್ಬರು ಮಕ್ಕಳ ಎದುರು ಮೇಷ್ಟರಂತೆ ನಿಂತು ಗೂಟ ಬಡಿಯುವುದನ್ನು ತೋರಿಸುವ ದಿನ ನಮ್ಮ ಯಾವ ಶಾಲೆಯ ವೇಳಾಪಟ್ಟಿಯಲ್ಲಿದೆ?

ಸೇವಾಗ್ರಾಮಕ್ಕೆ ಕೈಕೆಲಸದ ಶಾಲೆಯ ಈ ಬೀಜ ಬಂದದ್ದು ಬಂಗಾಳದಿಂದ ಎನ್ನಬಹುದು. 1922ರಲ್ಲಿ ಶಾಂತಿನಿಕೇತನದ ಬಳಿಯ ಸುರುಲಿನ ಹಳೆಯ ಕುಠಿಯಲ್ಲಿ, ರವೀಂದ್ರರು ರಾಯಪುರದ ಸಿನ್ಹಾ ಮನೆತನದಿಂದ ಕೊಂಡ ತೋಟದ ಮನೆಯಲ್ಲಿ, ಲೆನಾರ್ಡ್ ಎಲ್ಮ್‌ಹರ್ಸ್ಟ್ ಎಂಬ ಇಂಗ್ಲಿಷ್ ತರುಣ ಗ್ರಾಮಪುನರುಜ್ಜೀವನದ ಕೆಲಸ ಆರಂಭಿಸಿದ. 1924ರಲ್ಲಿ ಬಡ ಮಕ್ಕಳಿಗಾಗಿ ಶಿಕ್ಷಾಸತ್ರ ಹುಟ್ಟಿತು; ಕೈಕೆಲಸದ ಮೂಲಕ ಕಲಿಯುವ ಆ ಶಾಲೆ ನಂತರ, ಶ್ರೀನಿಕೇತನ ಎಂದು ಹೆಸರಾದ ಸುರುಲಿನ ಆ ಕೇಂದ್ರಕ್ಕೇ ಬಂತು. ಎಲ್ಮ್‌ಹರ್ಸ್ಟ್ ಊರಿಗೆ ಮರಳಿ, 1925ರಲ್ಲಿ ಪತ್ನಿ ಡೊರೊಥಿಯ ಜೊತೆ ಇಂಗ್ಲೆಂಡಿನ ಡೆವನ್ನಿನಲ್ಲಿ ಡಾರ್ಟಿಂಗ್ಟನ್ ಎಂಬ ಪಾಳುಬಿದ್ದ ಹದಿನಾಲ್ಕನೆಯ ಶತಮಾನದ ಜಹಗೀರನ್ನು ಕೊಂಡ. ಮರುವರ್ಷ ಅಲ್ಲಿ ಶಾಲೆ ತೆರೆದ. ಧಾನ್ಯದ ಹಳೆಯ ಕಣಜ ರಂಗಮಂದಿರವಾಯಿತು. ಸುರುಲಿನ ಹೊಲದಲ್ಲಿ ಕಲಿತದ್ದು ಇಂಗ್ಲೆಂಡಿನ ಕಣಜಕ್ಕೆ ಹೋಗಿ ಸೇರಿತು. ಡಾರ್ಟಿಂಗ್ಟನ್ನಿನ ಶಾಲೆ 1987ರಲ್ಲಿ ಮುಚ್ಚಿತು.

ಉಮರೇಡಿಗೆ ಮರಳಿದ ರಾತ್ರಿ ಊಟಕ್ಕೆ ಕೂತಾಗ ಭಾವ ಎತ್ತಿದ ಪ್ರಶ್ನೆ ನೇರವಾಗಿತ್ತು. ಗಣಿಯಲ್ಲಿ ಸುರಕ್ಷತೆಯ ಕೆಲಸ ನೋಡುವವರು ಅವರು.

"ಎಲ್ಲಾ ಸರಿ. ಕುಂಭಕೋಣ ಮರೆತ್ಯಾ?"

ಮರೆತಿರಲಿಲ್ಲ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ ಅಡಿಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಮರದ ಕಟ್ಟಡದ ಬಗ್ಗೆ ಪ್ರೀತಿಯಿಂದ ಬರೆಯುವ ಯಾರೇ ಆಗಲಿ ಆ ಸಂಖ್ಯೆಯನ್ನು ದಾಟಿ ಹೋಗುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂದಾಗ ಅದರ ಅನುಸೂಚಿ ಎಲ್ಲ ಕಾಲಕ್ಕೂ ತಡೆಯುವ ಕಟ್ಟಡ, ಶಿಕ್ಷಕನಿಗೊಂದು ಕೊಠಡಿ, ಅಡೆತಡೆಯಿಲ್ಲದ ದಾರಿ, ಹುಡುಗ-ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು ಕೇಳಿತು. ಅದು ಆರ್‌ಸಿಸಿಯನ್ನು ಹೆಸರಿಸಿಲ್ಲ. ಆದರೆ ಕಚೇರಿಗಳಲ್ಲಿ ಅದನ್ನು ಓದುವುದು ಆರ್‌ಸಿಸಿ ಎಂದೇ. ಹಾಗೆಂದೇ 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಶುರು ಮಾಡಿದ ಹೆಂಚಿನ ಕಾರ್ಖಾನೆಯ ಪರಂಪರೆಯಲ್ಲಿ, ಕರಾವಳಿ ಮಲೆನಾಡಿನ ತುಂಬ ಎದ್ದ ಎತ್ತರದ ಮಾಡಿನ, ಗಾಳಿಯಾಡುವ ಶಾಲೆಗಳು ಒಂದೊಂದಾಗಿ ನೆಲಕ್ಕುರುಳುತ್ತಿವೆ. ಅವುಗಳ ಜಾಗಕ್ಕೆ ಬರುವ ಚಪ್ಪಟೆ ತಾರಸಿ ಮೂರನೇ ಮಳೆಗಾಲಕ್ಕೆ ಸೋರುತ್ತದೆ, ಅದರ ಮೇಲೆ ತಗಡಿನ ಮಾಡು ಬರುತ್ತದೆ, ಏಪ್ರಿಲ್ಲಿನಲ್ಲಿ ಮಕ್ಕಳು ಬೇಯುತ್ತಾರೆ.

"ಗರಿ ಬೇರೆ, ಹೆಂಚು ಬೇರೆ ಭಾವ."

"ಬೇರೆಯೇ. ಆದ್ರೂ ನಿಮ್ಮ ಕೊಟ್ಟಿಗೆಗೆ ಎಷ್ಟು ಬಾಗಿಲು?"

"ಒಂದು."

"ಇನ್ನೊಂದು ಕೊರೆಸಿ. ಎದುರುಬದುರು ಇರ್ಲಿ, ಹೊರಗೆ ತೆರೆಯೋ ಹಾಗೆ. ಅಟ್ಟದ ಮೇಲೆ ಒಂದು ಹುಲ್ಲುಕಡ್ಡಿ ಇರಬಾರ್ದು. ವೈರು ಪೈಪಿನೊಳಗೆ ಹೋಗ್ಲಿ, ತೊಲೆಗೆ ಮೊಳೆ ಹೊಡೆದು ಎಳೀಬೇಡಿ. ಬಿಸಿಯೂಟದ ಒಲೆ ಇಪ್ಪತ್ತು ಹೆಜ್ಜೆ ದೂರ. ಕಂಬದ ಬುಡಕ್ಕೆ ಕಬ್ಬಿಣದ ಸಲಾಕೆ ಚುಚ್ಚಿ ನೋಡ್ಸು. ಒಳಗೆ ಹೋದ್ರೆ ಆ ಕಂಬದ ಹತ್ರ ಮಕ್ಕಳು ಬೇಡ."

ಅಕ್ಕ ಅನ್ನ ಬಡಿಸುತ್ತ, "ಬಾತ್‌ರೂಮು ಬರಕೊಂಡ್ಯೋ ಇಲ್ವೋ?" ಎಂದಳು. ಬರೆದುಕೊಂಡೆ.

ಅಣ್ಣನಿಗೆ ಅಲ್ಲಿಂದಲೇ ಫೋನು ಮಾಡಿದೆ. ದಲ್ಲಾಳಿ ಮತ್ತೆ ಬಂದಿದ್ದನಂತೆ, ಬೆಲೆ ಏರಿಸಿದ್ದನಂತೆ. ಕೊಡುವುದು ಬೇಡ ಎಂದೆ. ಭಾವ ಹೇಳಿದ್ದನ್ನೆಲ್ಲ ಒಂದೊಂದಾಗಿ ಓದಿದೆ. ಶಾಲೆಯ ಹೊಸ ಕಟ್ಟಡ ಎದ್ದ ಮೇಲೂ ಕೊಟ್ಟಿಗೆಯನ್ನು ಮಕ್ಕಳ ಕೈಕೆಲಸಕ್ಕೆಂದು ಬಿಟ್ಟುಕೊಡೋಣ, ಹಿಂದಿನ ಐದು ಗುಂಟೆ ಹಿತ್ತಿಲನ್ನೂ ಸೇರಿಸಿ ಎಂದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿತ್ತಿಲಿನ ನಾಲ್ಕು ಅಡಿಕೆ ಮರದ ಫಸಲು ಯಾರಿಗೆ ಎಂದು ಕೇಳಿದ. ಶಾಲೆಗೆ, ಎಂದೆ. "ಹಾಗಾದ್ರೆ ಹೆಂಚು ಕೈಯಾಡಿಸೋ ಖರ್ಚು ಅದರಲ್ಲೇ ಹುಟ್ಟಬೇಕು, ಎಸ್‌ಡಿಎಂಸಿಯವರು ಬರೆದು ಕೊಡ್ಲಿ" ಎಂದ. ಅದೂ ನ್ಯಾಯವೇ. ಬಡಗಿಗೆ ಬುಧವಾರ ಬರಹೇಳುತ್ತೇನೆ, ಮೊದಲು ಮೂಡಣದ ಮೂಲೆಗಂಬ ನೋಡಬೇಕು, ಅದಕ್ಕೆ ಗೆದ್ದಲು ಹತ್ತಿದ ಹಾಗಿದೆ ಎಂದು ಹೇಳಿ ಫೋನು ಇಟ್ಟ.